ಕುಸಿದ ಬರೆಯಲ್ಲಿ ಮನುಷ್ಯನ ಯುಗ ಕಾಣುತ್ತಾ?

ಪ್ರಶ್ನೆ: 2018ರ ಮಳೆಗೆ ನಮ್ಮ ತೋಟದ ಬರೆ ಕುಸಿಯಿತು. ಕೆಂಪು ಮಣ್ಣಿನ ಗೋಡೆ ಈಗಲೂ ಹಾಗೇ ನಿಂತಿದೆ. ಅದನ್ನು ನೋಡಿ ಮಗಳು ‘ಇದೇ ಆಂಥ್ರೊಪೊಸೀನ್, ಮನುಷ್ಯನ ಯುಗ’ ಅನ್ನುತ್ತಾಳೆ. ಆ ಯುಗವನ್ನು ವಿಜ್ಞಾನಿಗಳು ಒಪ್ಪಲಿಲ್ಲ ಅಂತ ಎಲ್ಲೋ ಓದಿದ ನೆನಪು. ಯಾರ ಮಾತು ಸರಿ?
– ಕಾಫಿ ಬೆಳೆಗಾರರು, ಮಾದಾಪುರ, ಕೊಡಗು

ಉತ್ತರ: ನೀವು ಓದಿದ್ದು ಸರಿ. 2000ದಲ್ಲಿ ವಿಜ್ಞಾನಿಗಳಾದ ಪಾಲ್ ಕ್ರುಟ್ಜನ್ ಮತ್ತು ಯೂಜೀನ್ ಸ್ಟೋರ್ಮರ್ ಈ ಹೆಸರನ್ನು ಮುಂದಿಟ್ಟರು. ಯುಗ 1952ರ ಹೊತ್ತಿಗೆ ಶುರುವಾಯಿತು ಎಂಬ ಪ್ರಸ್ತಾವ ಆಮೇಲೆ ಬಂತು. 2024ರ ಮಾರ್ಚ್‌ನಲ್ಲಿ ಭೂವಿಜ್ಞಾನಿಗಳ ಸಮಿತಿ ಅದನ್ನು ಮತಕ್ಕೆ ಹಾಕಿ ಕೈಬಿಟ್ಟಿತು. ಹಾಗಾಗಿ ಲೆಕ್ಕಕ್ಕೆ ನಾವಿನ್ನೂ ಹೊಲೊಸೀನ್ ಎಂಬ ಹಳೆಯ ಯುಗದಲ್ಲೇ ಇದ್ದೇವೆ. ಅದು ಶುರುವಾಗಿ 11,700 ವರ್ಷ ಆಯಿತು.

ಆದರೆ ಮನುಷ್ಯ ಭೂಮಿಯಲ್ಲಿ ಬಿಟ್ಟ ಗುರುತುಗಳೇ ಸುಳ್ಳು ಅಂತ ಯಾರೂ ಹೇಳಲಿಲ್ಲ. ಹೈಡ್ರೋಜನ್ ಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಎಂಬ ವಿಕಿರಣ ಸೂಸುವ ಲೋಹ ಗಾಳಿಯಲ್ಲಿ ಹರಡಿ ಇಡೀ ಭೂಮಿಯ ಮೇಲೆ ಬಿತ್ತು. ಕೊಡಗೂ ಅದರಿಂದ ಹೊರತಲ್ಲ. ಕೆನಡಾದ ಕ್ರಾಫರ್ಡ್ ಕೆರೆಯ ತಳದಲ್ಲಿ ವರ್ಷಕ್ಕೊಂದು ಪದರ ಕೂರುತ್ತದೆ. ಅಲ್ಲಿ ಆ ಪ್ಲುಟೋನಿಯಂ ಚೆನ್ನಾಗಿ ಸಿಗುತ್ತದೆ, ಅದಕ್ಕೇ ಹೊಸ ಯುಗದ ಆರಂಭ ತೋರಿಸಲು ಆ ಕೆರೆಯನ್ನು ಮಾದರಿಯಾಗಿ ಆರಿಸಿದ್ದರು.

ನಿಮ್ಮ ಬರೆಯಲ್ಲಿ ಅದನ್ನು ಹುಡುಕುವುದು ಮಾತ್ರ ವ್ಯರ್ಥ. ಅಲ್ಲಿ ಕಾಣುವ ಕೆಂಪು ಮಣ್ಣು ತುಂಬಾ ಹಳೆಯ ಬಂಡೆ ಕೊಳೆತು ಆದದ್ದು. ಇಳಿಜಾರಿನ ಮೇಲ್ಮಣ್ಣನ್ನು ಪ್ರತಿ ಮಳೆಗಾಲ ತೊಳೆದುಕೊಂಡು ಹೋಗುತ್ತದೆ, ನಿಮ್ಮ ಗುರುತು ಅದರ ಜೊತೆಗೇ ಹೋಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ತಾಮ್ರ ಕರಗಿ ಮಾಯವಾಗುವುದಿಲ್ಲ, ಮಣ್ಣಿಗೆ ಅಂಟಿಕೊಂಡು ಹೂಳಿನ ಜೊತೆ ಕೆಳಗೆ ಇಳಿಯುತ್ತದೆ. ಆಫ್ರಿಕಾದಿಂದ ಬಂದ ಕಾಫಿಯ ಪರಾಗವೂ ಅಷ್ಟೇ. ಒದ್ದೆ ಕೆಸರಿನಲ್ಲಿ ಪರಾಗ ಸಾವಿರಾರು ವರ್ಷ ಕೆಡದೆ ಉಳಿಯಬಲ್ಲದು. ಗೊಬ್ಬರದ ಚೀಲದ ಪ್ಲಾಸ್ಟಿಕ್ ಚೂರುಗಳ ಬಗ್ಗೆ ಹೇಳಲೇಬೇಕಿಲ್ಲ ಅಲ್ವಾ!

ಇದೆಲ್ಲ ಕೂರುವುದು ಕೆರೆಯಲ್ಲಿ, ಹಾರಂಗಿ ಜಲಾಶಯದ ತಳದಲ್ಲಿ. 2018ರಲ್ಲಿ ಕುಸಿದ ಮಣ್ಣೂ ಸಾಕಷ್ಟು ಅಲ್ಲಿಗೇ ಹೋಗಿ ಸೇರಿತು. ಹಾಗಂತ ಕುಸಿತ ಕಂಡ ಕೂಡಲೇ ಅದನ್ನು ಮನುಷ್ಯನ ಯುಗದ ಗುರುತು ಅನ್ನಬೇಡಿ. ಗುಡ್ಡಗಳು ನಾವಿಲ್ಲದಾಗಲೂ ಕುಸಿದಿವೆ. ರಸ್ತೆಗೆ, ಮನೆಗೆ ಗುಡ್ಡದ ಬುಡ ಕಡಿದರೆ ಬೇಗ ಕುಸಿಯುತ್ತವೆ, ಅಷ್ಟೇ ವ್ಯತ್ಯಾಸ.

ಮಗಳಿಗೆ ತೋರಿಸುವ ಆಸೆ ಇದ್ದರೆ ಬೇಸಿಗೆಯಲ್ಲಿ ತೋಟದ ಕೆರೆ ಒಣಗಿದಾಗ ಅಂಚಿನಲ್ಲಿ ಒಂದು ಗುಂಡಿ ತೆಗೆಯಿರಿ. ಎಷ್ಟೋ ವರ್ಷದಿಂದ ಹೂಳೆತ್ತದ ಕೆರೆಯಾದರೆ ಒಳ್ಳೆಯದು. ಹೂಳೆತ್ತಿ ಗಿಡಗಳ ಬುಡಕ್ಕೆ ಹಾಕಿದ್ದರೆ ಪದರಗಳೆಲ್ಲ ಆಗಲೇ ಕಲಸಿಹೋಗಿರುತ್ತವೆ.