ಕೆರಟೊಕೋನಸ್‌ಗೆ ಕ್ರಾಸ್ ಲಿಂಕಿಂಗ್ ಮಾಡಿಸಿದ ಮೇಲೂ ಕನ್ನಡಕ ಬೇಕು ಎಂದರೆ, ಮತ್ತೆ ಅದನ್ನು ಯಾಕೆ ಮಾಡಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮುಳ್ಳೇರಿಯ ಕಡೆ ಮನೆ, ತಮ್ಮನಿಗೆ 17 ವರ್ಷ. ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತಿತ್ತು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿ ಕೆರಟೊಕೋನಸ್, ಅಂದರೆ ಕಣ್ಣಿನ ಎದುರಿನ ಪರದೆ ತೆಳ್ಳಗಾಗಿ ಉಬ್ಬುವ ರೋಗ ಎಂದರು. ಬಲಗಣ್ಣಿನ ಉಬ್ಬು ಆರು ತಿಂಗಳಲ್ಲಿ 51ರಿಂದ 54ಕ್ಕೆ ಏರಿದೆ, ದಪ್ಪ 448 ಇದೆ. ಆ ಪರದೆಯನ್ನು ಬಿಗಿ ಮಾಡುವ ಕ್ರಾಸ್ ಲಿಂಕಿಂಗ್ ಎಂಬ ಚಿಕಿತ್ಸೆ ಬೇಗ ಮಾಡಿಸಿ ಎಂದಿದ್ದಾರೆ, ಆದರೆ ಆಮೇಲೂ ಕನ್ನಡಕ ಬೇಕಂತೆ. ಅಪ್ಪ "ಪ್ಲಸ್ ಟು ಪರೀಕ್ಷೆ ಮುಗಿಯಲಿ, ಆಮೇಲೆ ನೋಡುವ" ಎನ್ನುತ್ತಿದ್ದಾರೆ. ಕ್ರಾಸ್ ಲಿಂಕಿಂಗ್ ಬದಲು ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ಮಾಡಿಸಿದರೆ ಆಗದೇ ಎಂದು ಕೇಳಿದ್ದೀರಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಲೇಸಿಕ್ ಖಂಡಿತ ಬೇಡ. ಕ್ರಾಸ್ ಲಿಂಕಿಂಗ್ ಮಾಡಿಸಿ. ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ. ನಾನು ಸರ್ಜನ್ ಅಲ್ಲ, ಆಪ್ಟೊಮೆಟ್ರಿಸ್ಟ್. ಕಾಸರಗೋಡು ಜಿಲ್ಲೆಯಲ್ಲೇ ಕಣ್ಣು ಪರೀಕ್ಷೆ ಮಾಡುವ ಕೆಲಸ. ಈ ರೋಗ ಮೊದಲು ಕಾಣಿಸುವುದು ಹೆಚ್ಚಾಗಿ ನಮ್ಮಂಥವರ ಕುರ್ಚಿಯಲ್ಲೇ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಕಣ್ಣಿನ ಎದುರಿಗೆ ಗಾಜಿನಷ್ಟು ತಿಳಿಯಾದ ಒಂದು ಪರದೆ ಇರುತ್ತದಲ್ಲ, ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ಸಾಮಾನ್ಯವಾಗಿ 540 ಮೈಕ್ರಾನ್ ಹತ್ತಿರ. ಕೆರಟೊಕೋನಸ್‌ನಲ್ಲಿ ಇದರೊಳಗಿನ ಕೊಲಾಜೆನ್ ಎಳೆಗಳ ಹಿಡಿತ ಸಡಿಲವಾಗುತ್ತದೆ. ಕಾರ್ನಿಯಾ ತೆಳ್ಳಗಾಗುತ್ತದೆ, ತೆಳ್ಳಗಾದ ಜಾಗ ಮುಂದಕ್ಕೆ ಉಬ್ಬುತ್ತದೆ. ಉಬ್ಬು ನಡುವಿನಿಂದ ಸ್ವಲ್ಪ ಕೆಳಗೆ ಇರುವುದೇ ಜಾಸ್ತಿ. ಈ ಬಾಗನ್ನು ಡಯಾಪ್ಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಸಾಮಾನ್ಯ ಕಣ್ಣಿನಲ್ಲಿ ಅದು 43-44 ಇರುತ್ತದೆ. ನಿಮ್ಮ ತಮ್ಮನ ರಿಪೋರ್ಟಿನ 54 ಎಂಬುದು ಅತಿ ಹೆಚ್ಚು ಉಬ್ಬಿದ ಜಾಗದ ಲೆಕ್ಕ.

ಹೀಗೆ ಒಂದು ಬದಿ ಮಾತ್ರ ಉಬ್ಬಿದರೆ ಬೆಳಕು ಒಂದೇ ಕಡೆ ಕೂಡುವುದಿಲ್ಲ. ಅಕ್ಷರಕ್ಕೆ ನೆರಳು ಬರುತ್ತದೆ. ರಾತ್ರಿ ಎದುರಿನಿಂದ ಬರುವ ಬಸ್ಸಿನ ಲೈಟು ಬಾಲ ಬಿಟ್ಟಂತೆ ಕಾಣುತ್ತದೆ. ಕನ್ನಡಕದ ಸಿಲಿಂಡರ್ ನಂಬರ್ ಏರುತ್ತದೆ, ಅದರ ಕೋನವೂ ಬದಲಾಗುತ್ತದೆ. ಹೊಸ ಕನ್ನಡಕ ಹಾಕಿದರೂ ಕೊನೆಯ ಸಾಲು ಸ್ಪಷ್ಟ ಆಗುವುದಿಲ್ಲ.

ಕತ್ತಲೆ ಕೋಣೆಯಲ್ಲಿ ರೆಟಿನೋಸ್ಕೋಪ್ ಹಿಡಿದು ಕಣ್ಣಿನೊಳಗೆ ಬೆಳಕಿನ ಒಂದು ಗೆರೆ ಹಾಯಿಸಿದರೆ, ಪಾಪೆಯೊಳಗಿನಿಂದ ಕೆಂಪು ಬೆಳಕು ಮರಳಿ ಬರುತ್ತದೆ. ಮಾಮೂಲಿ ಕಣ್ಣಿನಲ್ಲಿ ಅದು ಒಟ್ಟಿಗೆ ಒಂದೇ ಕಡೆ ಸರಿಯುತ್ತದೆ. ಕೆರಟೊಕೋನಸ್ ಇರುವ ಕಣ್ಣಿನಲ್ಲಿ ಅದು ಎರಡಾಗಿ ಒಡೆದು, ಕತ್ತರಿಯ ಎರಡು ಅಲಗಿನ ಹಾಗೆ ತೆರೆದು ಮುಚ್ಚುತ್ತದೆ. ನಮ್ಮ ಕೆಲಸದಲ್ಲಿ ಅದಕ್ಕೆ ಸಿಸರ್ ರಿಫ್ಲೆಕ್ಸ್ ಎಂದೇ ಹೆಸರು. ಅದನ್ನು ಒಮ್ಮೆ ಕಂಡ ಮೇಲೆ ಆ ಹುಡುಗನಿಗೆ ಇನ್ನೊಂದು ಕನ್ನಡಕ ಬರೆದು ಕಳಿಸಲು ಮನಸ್ಸು ಬರುವುದಿಲ್ಲ. ಬರೀ ಕಂಪ್ಯೂಟರ್ ಮೆಷಿನಿಗೆ ಗಲ್ಲ ಇಡಿಸಿ, ಬಂದ ಚೀಟಿಯ ನಂಬರನ್ನೇ ಕನ್ನಡಕ ಮಾಡಿಕೊಟ್ಟರೆ ಇದು ತಪ್ಪಿಹೋಗುತ್ತದೆ. ಹೀಗೆ ಕನ್ನಡಕದ ಮೇಲೆ ಕನ್ನಡಕ ಬದಲಾಯಿಸಿ ಎರಡು ಮೂರು ವರ್ಷ ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಅಲ್ಲೇ.

ರೋಗವನ್ನು ಖಚಿತ ಮಾಡುವುದು ಕಾರ್ನಿಯಾದ ಟೊಪೋಗ್ರಫಿ ಅಥವಾ ಟೊಮೋಗ್ರಫಿ ಎಂಬ ಸ್ಕ್ಯಾನ್. ಪೆಂಟಾಕ್ಯಾಮ್ ಎಂಬ ಯಂತ್ರ ಒಂದೆರಡು ಸೆಕೆಂಡಿನಲ್ಲಿ ತಿರುಗುತ್ತಾ ಕಾರ್ನಿಯಾದ ಮುಂದಿನ ಮೈ, ಹಿಂದಿನ ಮೈ, ಪ್ರತಿ ಜಾಗದ ದಪ್ಪ, ಎಲ್ಲವನ್ನೂ ಅಳೆಯುತ್ತದೆ. ಬಣ್ಣದ ನಕ್ಷೆಯಲ್ಲಿ ಉಬ್ಬಿದ ಕಡೆ ಕೆಂಪು, ಚಪ್ಪಟೆ ಕಡೆ ನೀಲಿ. ಹಿಂದಿನ ಮೈಯಲ್ಲಿ ಬದಲಾವಣೆ ಬೇಗ ಕಾಣುವುದರಿಂದ ಇದು ಮುಖ್ಯ. ನೋವಿಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮಾತ್ರ ಕೆಲವು ದಿನ ಮೊದಲೇ ಬಿಟ್ಟಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪು ಬರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಣ್ಣಿನ ಆಪರೇಷನ್ ಎಂದರೆ ನಮ್ಮ ಹಿರಿಯರ ಮನಸ್ಸಿಗೆ ಬರುವುದು ಪೊರೆ ತೆಗೆಯುವುದು. ಡಾ. ಎಂ. ಸಿ. ಮೋದಿಯವರ ಶಿಬಿರಗಳ ಕಾಲದಿಂದಲೂ ಜನ ನೋಡಿದ್ದು ಹಾಗೆ: ಪಟ್ಟಿ ಬಿಚ್ಚಿದರು, ಅಜ್ಜಿಗೆ ಕಣ್ಣು ಕಂಡಿತು. ಹಾಗಾಗಿ "ಆಪರೇಷನ್ ಆದ ಮೇಲೂ ಕನ್ನಡಕ" ಎಂದರೆ ಅಪ್ಪನಿಗೆ ದುಡ್ಡು ದಂಡ ಎನಿಸುವುದು ಸಹಜ. ಆದರೆ ಕ್ರಾಸ್ ಲಿಂಕಿಂಗ್ ಮಾಡುವುದು ದೃಷ್ಟಿ ಏರಿಸಲಿಕ್ಕಲ್ಲ, ರೋಗವನ್ನು ಇದ್ದಲ್ಲೇ ನಿಲ್ಲಿಸಲಿಕ್ಕೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದನ್ನು ಕಂಡುಹಿಡಿದವರು 2003ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. 22 ರೋಗಿಗಳ 23 ಕಣ್ಣು, ಎಲ್ಲದರಲ್ಲೂ ಉಬ್ಬುವುದು ನಿಂತಿತ್ತು. ಅದಕ್ಕೆ ಮೊದಲು ಈ ರೋಗವನ್ನು ತಡೆಯುವ ದಾರಿಯೇ ಇರಲಿಲ್ಲ. ಹದಗೆಡುವುದನ್ನು ನೋಡುತ್ತಾ ಕೂರಬೇಕಿತ್ತು, ಕೊನೆಗೆ ಕಾರ್ನಿಯಾ ಬದಲಿಸಬೇಕಿತ್ತು. ಈಗ ಸರಿಯಾದ ಹೊತ್ತಿಗೆ ಮಾಡಿಸಿದರೆ ಬಹುಪಾಲು ಜನರಲ್ಲಿ ನಿಲ್ಲುತ್ತದೆ. ಕೆಲವರಲ್ಲಿ ಉಬ್ಬು ಒಂದೆರಡು ಡಯಾಪ್ಟರ್ ಇಳಿಯುವುದೂ ಉಂಟು, ಆದರೆ ಅದನ್ನು ನಂಬಿಕೊಂಡು ಹೋಗಬೇಡಿ.

ಮಾಡುವ ಕ್ರಮ ಹೀಗೆ. ಕಣ್ಣಿಗೆ ಮರಗಟ್ಟಿಸುವ ಡ್ರಾಪ್ಸ್ ಬಿಡುತ್ತಾರೆ, ಸೂಜಿ ಇಲ್ಲ. ಕಾರ್ನಿಯಾದ ಮೇಲಿನ ತೆಳು ಚರ್ಮವನ್ನು ನಡುಭಾಗದಲ್ಲಿ ಮೆಲ್ಲಗೆ ಕೆರೆದು ತೆಗೆಯುತ್ತಾರೆ. ಆಮೇಲೆ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನಿನ ಹಳದಿ ದ್ರಾವಣವನ್ನು ಅರ್ಧ ಗಂಟೆ ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಅದು ಒಳಗಿಳಿದ ಮೇಲೆ 365 ನ್ಯಾನೋಮೀಟರಿನ ನೇರಳಾತೀತ ಬೆಳಕು ಹಾಯಿಸುತ್ತಾರೆ. ಹಳೇ ಕ್ರಮದಲ್ಲಿ 30 ನಿಮಿಷ, ವೇಗದ ಕ್ರಮದಲ್ಲಿ 10 ನಿಮಿಷ ಅಥವಾ ಅದರ ಹತ್ತಿರ. ಬೆಳಕು ಮತ್ತು ವಿಟಮಿನ್ ಸೇರಿ ಕೊಲಾಜೆನ್ ಎಳೆಗಳ ನಡುವೆ ಹೊಸ ಕೊಂಡಿಗಳು ಬೀಳುತ್ತವೆ, ಕಾರ್ನಿಯಾ ಬಿಗಿಯಾಗುತ್ತದೆ. ಬಿ2 ಮಾತ್ರೆ ನುಂಗಿದರೆ ಇದು ಆಗುವುದಿಲ್ಲ. ಕೆಲವರು ಕೇಳುತ್ತಾರೆ, ಅದಕ್ಕೆ ಹೇಳಿದೆ.

ಈಗ 448 ಎಂಬ ನಂಬರಿಗೆ ಬನ್ನಿ. ಡಾಕ್ಟರ್ ಅವಸರ ಮಾಡುತ್ತಿರುವುದು ಇದಕ್ಕೇ ಎಂದು ನನ್ನ ಅಂದಾಜು. ಕಾರ್ನಿಯಾದ ತೀರಾ ಒಳಗೆ ಒಂದೇ ಸಾಲು ಜೀವಕೋಶಗಳಿವೆ. ಕಾರ್ನಿಯಾ ತಿಳಿಯಾಗಿರುವುದು ಅವುಗಳಿಂದ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೇರಳಾತೀತ ಬೆಳಕು ಅಲ್ಲಿವರೆಗೆ ತಲುಪಬಾರದು. ಅದಕ್ಕೆ ಮೇಲ್ಚರ್ಮ ತೆಗೆದ ಮೇಲೂ ಕನಿಷ್ಠ 400 ಮೈಕ್ರಾನ್ ಉಳಿದಿರಬೇಕು ಎಂಬ ನಿಯಮ. ಮೇಲ್ಚರ್ಮವೇ ಸುಮಾರು 50 ಮೈಕ್ರಾನ್. 448ರಲ್ಲಿ 50 ಕಳೆದು ನೋಡಿ. ಗಡಿಯ ಮೇಲೇ ನಿಂತಿದೆ ಅಲ್ವಾ? ಇನ್ನೂ ತೆಳ್ಳಗಾದರೆ ದಾರಿಯೇ ಇಲ್ಲ ಎಂದಲ್ಲ. ಕಾರ್ನಿಯಾ ಸ್ವಲ್ಪ ಊದುವಂತೆ ಮಾಡುವ ಬೇರೆ ಬಗೆಯ ರೈಬೋಫ್ಲೇವಿನ್ ಉಂಟು, ಇನ್ನೂ ಕೆಲವು ಉಪಾಯಗಳಿವೆ. ಆದರೆ ಕೆಲಸ ಕಷ್ಟವಾಗುತ್ತಾ ಹೋಗುತ್ತದೆ. ಜೊತೆಗೆ 17ರ ವಯಸ್ಸು. ಈ ರೋಗ ಹದಿವಯಸ್ಸಿನಲ್ಲಿ ಓಡುತ್ತದೆ, ಮೂವತ್ತು ನಲವತ್ತರ ಹೊತ್ತಿಗೆ ತಾನಾಗಿ ನಿಧಾನವಾಗುತ್ತದೆ. ಮಕ್ಕಳಲ್ಲಿ ಎರಡನೇ ಸ್ಕ್ಯಾನಿಗೂ ಕಾಯದೆ ಮಾಡುವ ಡಾಕ್ಟರುಗಳಿದ್ದಾರೆ. ನಿಮ್ಮಲ್ಲಿ ಎರಡು ಸ್ಕ್ಯಾನ್ ಇದೆ, ಆರು ತಿಂಗಳಲ್ಲಿ ಮೂರು ಡಯಾಪ್ಟರ್ ಏರಿದ್ದು ಕಣ್ಣೆದುರಿಗಿದೆ. ಇನ್ನು ಕಾಯಲು ಕಾರಣ ನನಗಂತೂ ಕಾಣುವುದಿಲ್ಲ.

ಪರೀಕ್ಷೆಯ ಚಿಂತೆಗೂ ದಾರಿ ಇದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಣ್ಣು ಮಾಡುತ್ತಾರೆ. ಬಲಗಣ್ಣು ಈಗ ಮಾಡಿಸಿದರೆ ಎಡಗಣ್ಣಿನಲ್ಲಿ ಓದಬಹುದು. ಮೊದಲ ಎರಡು ಮೂರು ದಿನ ನೋವು, ನೀರು, ಬೆಳಕು ನೋಡಲಾಗದಿರುವುದು, ಇದೆಲ್ಲ ಚೆನ್ನಾಗಿಯೇ ಇರುತ್ತದೆ. ಇದನ್ನು ತಮ್ಮನಿಗೆ ಮೊದಲೇ ಹೇಳಿಡಿ. ಚರ್ಮ ಕೂಡುವ ತನಕ ನಾಲ್ಕೈದು ದಿನ ಕಣ್ಣಿನಲ್ಲಿ ಒಂದು ಬ್ಯಾಂಡೇಜ್ ಲೆನ್ಸ್ ಇರುತ್ತದೆ. ಅದನ್ನು ತೆಗೆಯುವುದು ಡಾಕ್ಟರೇ. ಒಂದು ವಾರ ಶಾಲೆ ಬಿಡಬೇಕಾದೀತು. ಮೊದಲ ತಿಂಗಳು ಆ ಕಣ್ಣು ಮುಂಚಿಗಿಂತ ಮಂಜಾಗಿ ಕಾಣುತ್ತದೆ. ಆಗ "ಮಾಡಿಸಿದ್ದೇ ತಪ್ಪಾಯಿತು" ಎಂಬ ಮಾತು ಮನೆಯಲ್ಲಿ ಎದ್ದೇ ಏಳುತ್ತದೆ. ಮೆಲ್ಲಗೆ ತಿಳಿಯಾಗುತ್ತದೆ, ಆದರೆ ತಿಂಗಳುಗಳು ಬೇಕು. ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ಸೋಂಕು, ಕಲೆ ಉಳಿಯುವುದು, ಅಪರೂಪಕ್ಕೆ ರೋಗ ನಿಲ್ಲದೇ ಹೋಗುವುದು, ಇವು ಉಂಟು. ನೋವು ಕಡಿಮೆಯಾಗುವ ಬದಲು ದಿನದಿಂದ ದಿನಕ್ಕೆ ಏರಿದರೆ ಅದೇ ದಿನ ಹೊರಟುಬಿಡಿ. ಅಡಿಕೆ ಸುಲಿಯುವ ಜಾಗದ ಧೂಳು, ಬೈಕಿನ ಗಾಳಿ, ತೋಡಿನಲ್ಲಿ ಮುಳುಗಿ ಸ್ನಾನ, ಡಾಕ್ಟರ್ ಸರಿ ಎನ್ನುವ ತನಕ ಬೇಡ. ನಂದಬಟ್ಟಲು ಹೂವಿನ ನೀರು, ಜೇನು, ಎದೆಹಾಲು, ಏನನ್ನೂ ಕಣ್ಣಿಗೆ ಬಿಡಬೇಡಿ. ಪ್ರೀತಿಯಿಂದ ತಂದುಕೊಡುವವರು ಇರುತ್ತಾರೆ, ಆದರೂ ಬೇಡ.

ಲೇಸಿಕ್ ಯಾಕೆ ಬೇಡ ಎಂದರೆ, ಲೇಸಿಕ್ ಮಾಡುವುದೇ ಕಾರ್ನಿಯಾವನ್ನು ಕೊರೆದು ತೆಳ್ಳಗೆ ಮಾಡಿ. ಮೊದಲೇ ತೆಳ್ಳಗಾಗಿ ಉಬ್ಬುತ್ತಿರುವ ಕಾರ್ನಿಯಾ ಆಮೇಲೆ ಇನ್ನೂ ಜೋರಾಗಿ ಉಬ್ಬುತ್ತದೆ. ಒಳ್ಳೆಯ ಆಸ್ಪತ್ರೆಗಳಲ್ಲಿ ಲೇಸಿಕ್‌ಗೆ ಮೊದಲು ಇದೇ ಸ್ಕ್ಯಾನ್ ಮಾಡುವುದು ಕೆರಟೊಕೋನಸ್ ಇರುವವರನ್ನು ವಾಪಸ್ ಕಳಿಸುವುದಕ್ಕೆ. ಕ್ರಾಸ್ ಲಿಂಕಿಂಗ್ ಜೊತೆ ಸ್ವಲ್ಪ ಲೇಸರ್ ಸೇರಿಸುವ ವಿಧಾನವೂ ಇದೆ, ಆದರೆ ಅದು ದಪ್ಪ ಸಾಕಷ್ಟು ಇರುವವರಿಗೆ.

ಆಮೇಲೆ ಕಣ್ಣು ಸ್ಪಷ್ಟ ಕಾಣಿಸುವುದಕ್ಕೆ? ಕನ್ನಡಕದಲ್ಲಿ ಆಗದಿದ್ದರೆ ಆರ್‌ಜಿಪಿ ಎಂಬ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಇದೆ. ಅದೂ ಕೂರದಿದ್ದರೆ ಸ್ಕ್ಲೀರಲ್ ಲೆನ್ಸ್. ಇದು ದೊಡ್ಡದು, ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ, ಕಾರ್ನಿಯಾಕ್ಕೆ ತಾಗುವುದಿಲ್ಲ. ನಡುವೆ ಸಲೈನ್ ನೀರು ತುಂಬಿರುತ್ತದೆ, ಉಬ್ಬು ತಗ್ಗು ಆ ನೀರಿನಲ್ಲಿ ಮುಚ್ಚಿಹೋಗುತ್ತದೆ. ಬೋರ್ಡಿನ ಮೊದಲ ಅಕ್ಷರವೇ ಕಷ್ಟ ಎನ್ನುತ್ತಿದ್ದವರು ಇದನ್ನು ಹಾಕಿಕೊಂಡು ಕೆಳಗಿನ ಸಾಲು ಓದುವುದನ್ನು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ. ಬೆಲೆ ಜಾಸ್ತಿ, ಹಾಕಿ ತೆಗೆಯಲು ಅಭ್ಯಾಸ ಬೇಕು. ಕಾರ್ನಿಯಾ ಕಸಿ ಕೊನೆಯ ಮಾತು. ಅದನ್ನು ತಪ್ಪಿಸುವುದಕ್ಕೇ ಈ ಅವಸರವೆಲ್ಲ.

ಇನ್ನೊಂದು ವಿಷಯ ನೀವು ಬರೆದಿಲ್ಲ. ತಮ್ಮನಿಗೆ ಕಣ್ಣು ತುರಿಸುತ್ತದೆಯೇ? ಇಂಥ ಹುಡುಗರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದ ತಕ್ಷಣ ಬೆರಳ ಗೆಣ್ಣನ್ನು ಕಣ್ಣಿಗೆ ಒತ್ತಿ ಗರಗರ ತಿಕ್ಕುತ್ತಾರೆ. ಅವರಿಗೆ ಗೊತ್ತೇ ಇರುವುದಿಲ್ಲ. ಕಣ್ಣಿನ ಅಲರ್ಜಿ ಮತ್ತು ಹೀಗೆ ತಿಕ್ಕುವುದು ಕೆರಟೊಕೋನಸ್ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡಿವೆ. ಕ್ರಾಸ್ ಲಿಂಕಿಂಗ್ ಆದ ಮೇಲೂ ತಿಕ್ಕಿದರೆ ಮಾಡಿಸಿದ್ದು ಹಾಳಾಗಬಹುದು. ಸುಮ್ನೆ "ತಿಕ್ಕಬೇಡ" ಎಂದು ಗದರಿದರೆ ನಿಲ್ಲುವುದಿಲ್ಲ, ತುರಿಕೆ ನಿಲ್ಲಬೇಕು. ಅಲರ್ಜಿಗೆ ಡಾಕ್ಟರ್ ಬರೆದ ಡ್ರಾಪ್ಸ್ ಬಿಡಿ, ತಣ್ಣೀರಿನ ಬಟ್ಟೆ ಇಡಿ. ಮೆಡಿಕಲ್ ಶಾಪಿನಿಂದ ಹಳೇ ಚೀಟಿ ತೋರಿಸಿ ಸ್ಟೀರಾಯ್ಡ್ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಬಿಡಬೇಡಿ. ತುರಿಕೆ ತಕ್ಷಣ ನಿಲ್ಲುತ್ತದೆ ನಿಜ, ಆದರೆ ಕಣ್ಣಿನ ಒತ್ತಡ ಏರಿ ನರ ಹಾಳಾಗಬಹುದು, ಪೊರೆಯೂ ಬರಬಹುದು.

ಕಾಸರಗೋಡಿನವರಾಗಿ ಎರಡು ಮಾತು. ಕೇರಳದ ಆರೋಗ್ಯ ಕಾರ್ಡು ಮಂಗಳೂರಿನ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ನಡೆಯುತ್ತದೆಯೇ ಎಂದು ದಿನ ಗೊತ್ತು ಮಾಡುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ಕೇಳಿ. ಎರಡನೆಯದು, ಸ್ಕ್ಯಾನಿನ ಬಣ್ಣದ ಪ್ರಿಂಟ್ ಪ್ರತಿ ಸಲ ಕೇಳಿ ತೆಗೆದುಕೊಳ್ಳಿ, ಫೋಟೋ ಹೊಡೆದೂ ಇಡಿ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮವರು ಎಷ್ಟು ಒದ್ದಾಡಿದರು ಎಂದು ನಿಮಗೂ ಗೊತ್ತು. ಹಳೇ ಸ್ಕ್ಯಾನ್ ಕೈಯಲ್ಲಿದ್ದರೆ ಕಣ್ಣೂರಿಗೋ ಕೋಝಿಕ್ಕೋಡಿಗೋ ಹೋದರೂ ಡಾಕ್ಟರ್ ಹೊಸದರ ಜೊತೆ ಹೋಲಿಸಿ ನೋಡಬಹುದು. ಸಾಧ್ಯವಾದರೆ ಒಂದೇ ಬಗೆಯ ಯಂತ್ರದಲ್ಲಿ ಮಾಡಿಸಿ, ಬೇರೆ ಬೇರೆ ಯಂತ್ರದ ಲೆಕ್ಕ ತಾಳೆಯಾಗುವುದಿಲ್ಲ.

ಎಡಗಣ್ಣಿನ ಬಗ್ಗೆ ನೀವು ಏನೂ ಬರೆದಿಲ್ಲ. ಈ ರೋಗ ಹೆಚ್ಚಿನವರಲ್ಲಿ ಎರಡೂ ಕಣ್ಣಿಗೆ ಬರುತ್ತದೆ, ಒಂದರಲ್ಲಿ ಮುಂಚೆ, ಇನ್ನೊಂದರಲ್ಲಿ ತಡವಾಗಿ. ಅದರ ಉಬ್ಬು ಎಷ್ಟು, ದಪ್ಪ ಎಷ್ಟು, ಮುಂದಿನ ಸ್ಕ್ಯಾನ್ ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಒಡಹುಟ್ಟಿದವರಲ್ಲೂ ಇದು ಕಾಣುವುದುಂಟು. ತಮ್ಮನನ್ನು ಕರೆದುಕೊಂಡು ಹೋಗುವ ದಿನ ನಿಮ್ಮ ಕಣ್ಣನ್ನೂ ಒಮ್ಮೆ ಆ ಯಂತ್ರದ ಎದುರಿಗೆ ಇಟ್ಟು ನೋಡಿಸಿ.