ಬೇಸಿಗೆ ರಜೆಯಲ್ಲಿ ಪಂಚಾಯ್ತಿ ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆ?

ಏಪ್ರಿಲ್‌ನಲ್ಲಿ ಶಿಬಿರ ಶುರುವಾದಾಗ ಐವತ್ತು ಮಕ್ಕಳು ಬರುತ್ತಾರೆ, ಎರಡನೇ ವಾರಕ್ಕೆ ಕೇರಂ ಬೋರ್ಡಿನ ಸುತ್ತ ಎಂಟು ಜನ ಉಳಿಯುತ್ತಾರೆ, ಪುಸ್ತಕ ಯಾರೂ ಮುಟ್ಟುವುದಿಲ್ಲ ಎಂದು ಕೇಳಿದ್ದೀರಿ. ಕೇರಂ ಬೋರ್ಡಿನ ಮೇಲೆ ಸಿಟ್ಟು ಬೇಡ, ಅದರಿಂದಲೇ ಅರ್ಧ ಮಕ್ಕಳು ಒಳಗೆ ಬರುವುದು.

ಮೊದಲು ಬೀರುವಿನ ಬೀಗ ತೆಗೆಸಿ. ಪುಸ್ತಕ ಕಳೆದರೆ ತಮ್ಮ ತಲೆಗೇ ಬರುತ್ತದೆಂಬ ಭಯಕ್ಕೆ ಎಷ್ಟೋ ಕಡೆ ಮೇಲ್ವಿಚಾರಕರು ಬೀಗ ಹಾಕಿಡುತ್ತಾರೆ. ಆ ಭಯ ಸುಳ್ಳಲ್ಲ. ಹಾಗಾಗಿ ಶಿಬಿರಕ್ಕೆ ಮುಂಚೆಯೇ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮತ್ತು ಪಂಚಾಯ್ತಿ ಅಧ್ಯಕ್ಷರ ಜೊತೆ ಕೂತು, ಹರಿದ ಅಥವಾ ಕಳೆದ ಮಕ್ಕಳ ಪುಸ್ತಕ ಇಂತಿಷ್ಟರವರೆಗೆ ಮೇಲ್ವಿಚಾರಕರಿಂದ ವಸೂಲಿ ಮಾಡುವುದಿಲ್ಲ ಎಂದು ಬರಹದಲ್ಲಿ ಮಾಡಿಸಿಕೊಳ್ಳಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಬಂದ ಮೊದಲ ದಿನವೇ ಹೆಸರು ಬರೆದುಕೊಂಡು ಕಾರ್ಡ್ ಕೊಟ್ಟುಬಿಡಿ.

ಇನ್ನು ಪುಸ್ತಕ. 40 ಮಕ್ಕಳಿಗೆ ಕನಿಷ್ಠ 120 ತೆಳು ಪುಸ್ತಕ ಬೇಕು, ಸ್ಪರ್ಧಾತ್ಮಕ ಪರೀಕ್ಷೆಯವು ಲೆಕ್ಕಕ್ಕಿಲ್ಲ. ಕಡಿಮೆ ಬಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಿಂದ ಕನ್ನಡ ಪುಸ್ತಕ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಅಲ್ಲಿ ಓದಲು ಎಷ್ಟು ಸುಲಭ ಎಂಬುದರ ಮೇಲೆ ನಾಲ್ಕು ಹಂತಗಳಿವೆ. ಒಂದನೇ ಹಂತದ ಕತೆ 250 ಪದದೊಳಗೆ ಮುಗಿಯುತ್ತದೆ.

ಹೆಚ್ಚಿನ ಶಿಬಿರಗಳು ಸೋಲುವುದು ಈ ಹಂತದ ವಿಷಯದಲ್ಲೇ. ನಾಲ್ಕನೇ ಕ್ಲಾಸಿನ ಮಗುವಿಗೆ ಕಾಗುಣಿತ ಬರುತ್ತದೆ, ಒತ್ತಕ್ಷರ ತಡೆಯುತ್ತದೆ. ಮೊದಲ ಸಾಲಿನಲ್ಲೇ ‘ಸ್ವಾತಂತ್ರ್ಯ’ ಎದುರಾದರೆ ಪುಸ್ತಕ ಮುಚ್ಚಿ ಎದ್ದುಹೋಗುತ್ತದೆ. ಮಧ್ಯದ ಒಂದು ಪುಟ ತೆರೆದು ಓದಿಸಿ, ತಡವರಿಸಿದ ಪದಕ್ಕೊಂದು ಬೆರಳು ಮಡಚಲು ಹೇಳಿ. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ, ‘ಇದಕ್ಕಿಂತ ಒಳ್ಳೇದು ಇಲ್ಲಿದೆ’ ಎಂದು ಇನ್ನೊಂದು ಕೈಗಿಡಿ. ಹಂತ ಗುರುತಿಸಲು ಬಣ್ಣದ ಚುಕ್ಕೆ ಅಂಟಿಸಿ, ತರಗತಿಯ ಸಂಖ್ಯೆ ಮಾತ್ರ ಬರೆಯಬೇಡಿ. ‘2ನೇ ತರಗತಿ’ ಎಂದಿದ್ದರೆ ಏಳನೇ ಕ್ಲಾಸಿನ ಹುಡುಗ ಅದನ್ನು ಎಲ್ಲರೆದುರು ಎತ್ತಿಕೊಳ್ಳುವುದೇ ಇಲ್ಲ, ಅವನಿಗೆ ಬೇಕಿರುವುದು ಅದೇ ಆಗಿದ್ದರೂ.

ಸಮಯ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು. ಮಧ್ಯಾಹ್ನದ ಶೀಟಿನ ಮಾಡಿನಡಿ ದೊಡ್ಡವರಿಗೂ ಕೂರಲಾಗದು. ಮೊದಲ 20 ನಿಮಿಷ ನೀವು ಗಟ್ಟಿಯಾಗಿ ಓದಿ. ಪುಸ್ತಕವನ್ನು ಎದೆಯ ಪಕ್ಕಕ್ಕೆ, ಚಿತ್ರ ಮಕ್ಕಳ ಕಡೆ ತಿರುಗುವಂತೆ ಹಿಡಿಯಿರಿ. ಅರ್ಧಚಂದ್ರಾಕಾರದಲ್ಲಿ 25ಕ್ಕಿಂತ ಹೆಚ್ಚು ಮಕ್ಕಳು ಕೂತರೆ ಹಿಂದಿನವರಿಗೆ ಚಿತ್ರ ಕಾಣುವುದಿಲ್ಲ, ಗಲಾಟೆ ಶುರುವಾಗುವುದು ಅಲ್ಲಿಂದಲೇ. ಎರಡು ಗುಂಪು ಮಾಡಿ. ಒಂದೇ ಒಂದು ಕಡೆ, ಪುಟ ತಿರುವುವ ಮುಂಚೆ, ‘ಈಗ ಏನಾಗುತ್ತೆ?’ ಎಂದು ಕೇಳಿ ಸುಮ್ಮನಿರಿ. ಕತೆ ಮುಗಿದ ಮೇಲೆ ‘ಇದರಿಂದ ಏನು ಕಲಿತಿರಿ?’ ಎಂದು ದಯವಿಟ್ಟು ಕೇಳಬೇಡಿ. ಓದಿದ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಎದ್ದೇಳಿ, ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ. ಹಾಗಾಗಿ ಗಟ್ಟಿ ಓದಿಗೆ ಮೂರ್ನಾಲ್ಕು ಪ್ರತಿ ಇರುವುದನ್ನೇ ಆರಿಸಿ. ನಂತರ ಅರ್ಧ ಗಂಟೆ ಸ್ವಂತ ಓದು, ಆಮೇಲೆ ಚಿತ್ರ, ಆಟ.

ಕೊನೆಯ ಹತ್ತು ನಿಮಿಷ ಪುಸ್ತಕ ಮನೆಗೆ ಕೊಡಿ. ನನಗೆ ಇದು ಇಡೀ ಶಿಬಿರದ ಜೀವ. ರಿಜಿಸ್ಟರಿನಲ್ಲಿ ಹೆಸರು, ಪುಸ್ತಕದ ನಂಬರ್, ಕೊಟ್ಟ ದಿನ, ಬಂದ ದಿನ ಇಷ್ಟಿದ್ದರೆ ಸಾಕು. ಬರೆಯುವ ಕೆಲಸವನ್ನು ಎಂಟನೇ ಕ್ಲಾಸಿನ ಇಬ್ಬರಿಗೆ ವಹಿಸಿ. ಮೇ ತಿಂಗಳಲ್ಲಿ ಮದುವೆ, ಜಾತ್ರೆ, ಅಜ್ಜಿಮನೆ ಎಂದು ಮಕ್ಕಳು ಚದುರುತ್ತಾರೆ. ಹೊರಡುವವರಿಗೆ ಮೂರು ಪುಸ್ತಕ ಒಟ್ಟಿಗೆ ಕೊಟ್ಟು, ಒಂದನ್ನು ಅಜ್ಜಿಗೆ ಓದಿ ಹೇಳಲು ಹೇಳಿ ಕಳಿಸಿ.

ಅತಿ ಹೆಚ್ಚು ಓದಿದವರಿಗೆ ಬಹುಮಾನ ಎಂದು ಮಾತ್ರ ಘೋಷಿಸಬೇಡಿ. ಚುರುಕಿನ ನಾಲ್ವರು ತೆಳು ಪುಸ್ತಕಗಳನ್ನೇ ಆರಿಸಿ ಪುಟ ತಿರುವುತ್ತಾರೆ, ಉಳಿದವರು ತಮಗಲ್ಲ ಎಂದು ಬಿಟ್ಟುಬಿಡುತ್ತಾರೆ. ಬದಲಿಗೆ ಗೋಡೆಗೊಂದು ದೊಡ್ಡ ಮರದ ಚಿತ್ರ ಅಂಟಿಸಿ, ಯಾರೇ ಒಂದು ಪುಸ್ತಕ ಮುಗಿಸಿದರೂ ಅದರ ಹೆಸರು ಬರೆದ ಕಾಗದದ ಎಲೆ ಸೇರಿಸಲಿ. ಮಗುವಿನ ಹೆಸರು ಬೇಡ, ಮರ ಎಲ್ಲರದ್ದು.

ಮೇ ಕೊನೆಗೆ ಶಾಲೆ ತೆರೆದ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಇದೇ ಗಟ್ಟಿ ಓದು ಇರುತ್ತದೆ ಎಂದು ಶಿಬಿರದ ಕೊನೆಯ ದಿನವೇ ಹೇಳಿಬಿಡಿ. ಮನೆಯಲ್ಲಿ ಉಳಿದ ಪುಸ್ತಕಗಳು ಆ ಮೊದಲ ಶನಿವಾರವೇ ಹೆಚ್ಚು ವಾಪಸ್ ಬರುತ್ತವೆ.