ಎಂಜಿನ್ನಿಗಿಂತ ಮೊದಲು ಸ್ಥಿತಿಯನ್ನೇ ಪರೀಕ್ಷಿಸಿ
ಓದುಗರ ಪ್ರಶ್ನೆ, ನಮ್ಮ ಉತ್ತರ: ಚದುರಂಗ ಮತ್ತು ಕಂಪ್ಯೂಟರ್

ಪ್ರಶ್ನೆ: ಸಂಪಾದಕರಿಗೆ ಶರಣು. ನಾನು ಜಮಖಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತೇನೆ. ಹಳೆಯ ಪತ್ರಿಕೆಗಳಿಂದ ಕತ್ತರಿಸಿಟ್ಟುಕೊಂಡ 24 ಕಠಿಣ ಸ್ಥಿತಿಗಳನ್ನು ಎರಡು ಉಚಿತ ಚೆಸ್ ಎಂಜಿನ್‌ಗಳಿಗೆ, ಅಂದರೆ ಒಳ್ಳೆಯ ನಡೆಯನ್ನು ಹುಡುಕಿಕೊಡುವ ಕಂಪ್ಯೂಟರ್ ಕಾರ್ಯಕ್ರಮಗಳಿಗೆ, ಒಂದೊಂದು ಸ್ಥಿತಿಗೆ 10 ಸೆಕೆಂಡಿನಂತೆ ಕೊಟ್ಟು ನೋಡಿದೆ. ಒಂದು 19 ಬಿಡಿಸಿತು, ಇನ್ನೊಂದು 21. ಮೂರು ಸ್ಥಿತಿಗಳಲ್ಲಿ ಎರಡೂ ಎಂಜಿನ್‌ಗಳು ಪತ್ರಿಕೆಯ ಉತ್ತರವನ್ನು ಒಪ್ಪಲೇ ಇಲ್ಲ. ಯಾವ ಎಂಜಿನ್ ಹೆಚ್ಚು ಬಲಶಾಲಿ? ಆ ಮೂರರಲ್ಲಿ ತಪ್ಪು ಯಾರದು?

ಉತ್ತರ: ಗುರುಗಳೇ, ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಎರಡು ಬೇರೆ ಬೇರೆ ಎಂಜಿನ್‌ಗಳು ಒಟ್ಟಾಗಿ ಒಂದು ಉತ್ತರವನ್ನು ತಿರಸ್ಕರಿಸಿದಾಗ ಮೊದಲು ಅನುಮಾನಿಸಬೇಕಾದದ್ದು ಆ ಸ್ಥಿತಿಯನ್ನು. ಕತ್ತರಿಸಿಟ್ಟ ಕಾಗದದಿಂದ ಕಂಪ್ಯೂಟರಿಗೆ ಕಾಯಿಗಳನ್ನು ಇಳಿಸುವಾಗ ಒಂದು ಕಾಲಾಳು ಒಂದು ಮನೆ ಅತ್ತಿತ್ತ ಸರಿದಿದ್ದರೂ, ನಡೆ ಯಾರದೆಂಬುದು ಅದಲುಬದಲಾಗಿದ್ದರೂ, ಇಡೀ ಒಗಟು ಬೇರೆಯೇ ಆಗಿಬಿಡುತ್ತದೆ. ಅದು ಸರಿಯಾಗಿದ್ದರೆ ಎಂಜಿನ್ನಿನ ಮಲ್ಟಿಪಿವಿ ಎಂಬ ಆಯ್ಕೆಯನ್ನು 3ಕ್ಕೆ ಇಟ್ಟು, ಅತ್ಯುತ್ತಮವಾದ ಮೂರು ನಡೆಗಳನ್ನು ಅಕ್ಕಪಕ್ಕ ತೋರಿಸುವಂತೆ ಮಾಡಿ, 10 ಸೆಕೆಂಡಿನ ಬದಲು ಅರ್ಧ ಗಂಟೆ ಯೋಚಿಸಲು ಬಿಡಿ. ಎರಡನೆಯ ನಡೆಯೂ ಸ್ಪಷ್ಟವಾಗಿ ಗೆಲ್ಲುತ್ತಿದ್ದರೆ ಆ ಸ್ಥಿತಿ ಪರೀಕ್ಷೆಗೆ ತಕ್ಕದ್ದಲ್ಲ. ಇಟ್ಟುಕೊಳ್ಳಲೇಬೇಕೆಂದರೆ ಎರಡೂ ಉತ್ತರಗಳಿಗೆ ಅಂಕ ಕೊಡಬೇಕು. ಹಳೆಯ ಸಂಗ್ರಹಗಳನ್ನು ಮಾಡಿದವರು ತಮ್ಮ ಕಣ್ಣು ಮತ್ತು ತಾಳ್ಮೆಯನ್ನೇ ನಂಬಿ ವಿಶ್ಲೇಷಿಸಿದವರು. ಎಂಜಿನ್ ಬರೆಯುವವರೆಲ್ಲ ದಶಕಗಳಿಂದ ಬಳಸುತ್ತಿರುವ, ಫ್ರೆಡ್ ರೈನ್‌ಫೆಲ್ಡರ ಪುಸ್ತಕದಿಂದ ಆರಿಸಿಕೊಂಡ 300 ಸ್ಥಿತಿಗಳು ಕೂಡ ಮನುಷ್ಯರ ಅಭ್ಯಾಸಕ್ಕಾಗಿ ಕೂಡಿಸಿದವೇ. ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಗೆಲುವಿನ ದಾರಿಗಳಿರುವ ಕೆಲವು ಸ್ಥಿತಿಗಳು ಕಂಪ್ಯೂಟರ್ ಬಂದ ಮೇಲೆ ಬೆಳಕಿಗೆ ಬಂದವು.

ಇನ್ನು 19 ಮತ್ತು 21ರ ಮಾತು. ಈ ವ್ಯತ್ಯಾಸದಿಂದ ಯಾವ ನಿರ್ಣಯಕ್ಕೂ ಬರಲಾಗದು. ಎಂಜಿನ್ ಪ್ರೊಸೆಸರಿನ ನಾಲ್ಕು ಕೋರ್‌ಗಳನ್ನು, ಅಂದರೆ ಲೆಕ್ಕ ಹಾಕುವ ಭಾಗಗಳನ್ನು, ಒಟ್ಟಿಗೆ ಬಳಸುತ್ತಿದ್ದರೆ ಅದೇ ಸ್ಥಿತಿಯನ್ನು ಎರಡು ಸಲ ಕೊಟ್ಟಾಗ ಎರಡು ಬೇರೆ ಸಮಯಗಳಲ್ಲಿ ಉತ್ತರ ಬರುತ್ತದೆ, ಏಕೆಂದರೆ ಕೋರ್‌ಗಳು ಒಂದಕ್ಕೊಂದು ಮಾಹಿತಿ ಹಂಚಿಕೊಳ್ಳುವ ಕ್ರಮ ಪ್ರತಿಸಲವೂ ಬದಲಾಗುತ್ತದೆ. ಇಂದು 10 ಸೆಕೆಂಡಿನೊಳಗೆ ಸಿಕ್ಕ ನಡೆ ನಾಳೆ 12 ಸೆಕೆಂಡಿಗೆ ಸಿಗಬಹುದು, ಅಷ್ಟಕ್ಕೇ 21 ಇದ್ದದ್ದು 20 ಆಗುತ್ತದೆ. ಒಂದೇ ಕೋರ್‌ನಲ್ಲಿ ಓಡಿಸಿ, ಪ್ರತಿ ಸ್ಥಿತಿಗೂ ಮೊದಲು ಹ್ಯಾಶ್ ಟೇಬಲ್ಲನ್ನು, ಅಂದರೆ ಎಂಜಿನ್ ತಾನು ಆಗಲೇ ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಳ್ಳುವ ಜಾಗವನ್ನು, ಖಾಲಿ ಮಾಡಿ. ನಡೆ ಹೇಳಿದ ಕ್ಷಣಕ್ಕೇ ಅಂಕ ಕೊಡಬೇಡಿ. ಕೊಟ್ಟ ಸಮಯ ಮುಗಿಯುವವರೆಗೂ ಎಂಜಿನ್ ಅದೇ ನಡೆಗೆ ಅಂಟಿಕೊಂಡಿದೆಯೇ, ಯಾರಿಗೆ ಎಷ್ಟು ಮೇಲುಗೈ ಎಂದು ಅದು ಕೊಡುವ ಅಂದಾಜು ಅಂಕವೂ ಜೊತೆಗೇ ಏರಿದೆಯೇ ಎಂಬುದನ್ನು ನೋಡಿ. ಆ ಅಂದಾಜು ಏರದೆ ನಡೆ ಮಾತ್ರ ಸರಿಯಾಗಿದ್ದರೆ ಅದು ಸರಿಯಾದ ಉತ್ತರವನ್ನು ತಪ್ಪು ಕಾರಣಕ್ಕೆ ಹೇಳಿದಂತೆ. ಗಣಿತದ ಗುರುಗಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಕತಾಳೀಯವೆಂಬಂತೆ, ಇವಾನ್ ಬ್ರಾಟ್ಕೊ ಮತ್ತು ಡ್ಯಾನಿ ಕೋಪೆಕ್ ಎಂಬ ಇಬ್ಬರು 1982ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪರೀಕ್ಷೆಯಲ್ಲಿಯೂ 24 ಸ್ಥಿತಿಗಳೇ ಇದ್ದವು, ಒಂದೊಂದಕ್ಕೆ ಎರಡು ನಿಮಿಷ. ಅವರು 24ನ್ನೂ ಹೊಡೆದಾಟದ ಸ್ಥಿತಿಗಳಿಂದಲೇ ತುಂಬದೆ, ಅರ್ಧದಷ್ಟನ್ನು ಕಾಲಾಳನ್ನು ಸರಿಯಾದ ಹೊತ್ತಿನಲ್ಲಿ ಮುಂದೊತ್ತುವ ಸ್ಥಿತಿಗಳಿಗೆ ಮೀಸಲಿಟ್ಟರು. ಈ ವಿವೇಕ ನನಗೆ ಬಹಳ ಮೆಚ್ಚುಗೆಯದು. ಏಕೆಂದರೆ ನಿಮ್ಮ ಸಂಗ್ರಹದಂತಹ ಪರೀಕ್ಷೆಗಳಲ್ಲಿ ಹೆಚ್ಚಿನ ಸ್ಥಿತಿಗಳ ಉತ್ತರ ಒಂದು ಬಲಿದಾನವೇ ಆಗಿರುತ್ತದೆ, ಹೀಗಾಗಿ ಕಂಡಕಂಡಲ್ಲಿ ಕಾಯಿ ಬಲಿಕೊಡುವ ಎಂಜಿನ್ನಿಗೆ ಸುಮ್ಮನೆ ಹೆಚ್ಚು ಅಂಕ ಸಿಗುತ್ತದೆ. ಬಲಿ ಕಣ್ಣಿಗೆ ಸೊಗಸಾಗಿ ಕಂಡರೂ ಸೋಲಿಸುವಂತಹ ಐದಾರು ಸ್ಥಿತಿಗಳನ್ನು ಸೇರಿಸಿ, ಆ ನಡೆಯನ್ನು ಆಡದಿದ್ದರೆ ಮಾತ್ರ ಅಂಕ ಎಂದು ನಿಯಮ ಮಾಡಿ. ಮಕ್ಕಳಿಗೂ ಅದೇ ಹಾಳೆಯನ್ನು ಕೊಡಬಹುದು.

ಯಾವ ಎಂಜಿನ್ ಬಲಶಾಲಿ ಎಂಬುದಕ್ಕೆ ಪಂದ್ಯಗಳಲ್ಲದೆ ಬೇರೆ ಅಳತೆಗೋಲಿಲ್ಲ. ಸ್ಟಾಕ್‌ಫಿಶ್ ಎಂಬ ಎಂಜಿನ್ನಿನ ತಂಡದವರು 2013ರಿಂದ ತಮ್ಮ ಒಂದೊಂದು ಸಣ್ಣ ಬದಲಾವಣೆಯನ್ನೂ ಸಾವಿರಾರು ಪಂದ್ಯಗಳನ್ನಾಡಿಸಿಯೇ ಒಪ್ಪುತ್ತಾರೆ ಇಲ್ಲವೇ ತಿರಸ್ಕರಿಸುತ್ತಾರೆ. ಕಠಿಣ ಸ್ಥಿತಿಗಳ ಪರೀಕ್ಷೆ ಹೇಳುವುದು ಬೇರೆ ಸಂಗತಿ: ಎಂಜಿನ್ ಎಲ್ಲಿ ಕುರುಡಾಗುತ್ತದೆ ಎಂಬುದು. ಮುಂದಿನ ಪತ್ರ ಅದನ್ನೇ ಕೇಳುತ್ತದೆ.

ಪ್ರಶ್ನೆ: ಅಥಣಿಯ ಕಡೆಯ ದ್ರಾಕ್ಷಿ ಬೆಳೆಗಾರ ನಾನು, ಬುದ್ಧಿಬಲದ ಆಟ ನಮ್ಮ ತಂದೆಯವರಿಂದ ಬಂದದ್ದು. ಟೊಪಲೋವ್ ವಿರುದ್ಧ ಶಿರೋವ್ ತಮ್ಮ ಒಂಟೆಯನ್ನು ಪುಕ್ಕಟೆ ಕೊಟ್ಟು ಗೆದ್ದ ಪಂದ್ಯವನ್ನು ಮೊಮ್ಮಗನ ಹಳೆಯ ಚೆಸ್ ಕಾರ್ಯಕ್ರಮಕ್ಕೆ ಕೊಟ್ಟರೆ, ಎಷ್ಟು ಹೊತ್ತು ಕಾದರೂ ಆ ನಡೆಯನ್ನು ಅದು ಹೇಳುವುದಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸ್ಥಿತಿ ನೋಡುವ ಯಂತ್ರಕ್ಕೆ ಒಂದು ನಡೆ ಹೇಗೆ ಕಾಣದೆ ಹೋಗುತ್ತದೆ?

ಉತ್ತರ: ಹಿರಿಯರೇ, ನೀವು ಆರಿಸಿಕೊಂಡದ್ದು ಎಂಜಿನ್ ಪರೀಕ್ಷೆಗಳಲ್ಲೆಲ್ಲ ಬಹಳ ಹೆಸರಾದ ಸ್ಥಿತಿ. 1998ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ನಡೆದ ಪಂದ್ಯ ಅದು. (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲನ್ನೂ ಅಂಕಿ ಅಡ್ಡಸಾಲನ್ನೂ ಹೇಳುತ್ತದೆ.) ಬಿಳಿಯ ರಾಜ ಜಿ1ರಲ್ಲಿ, ಒಂಟೆ ಸಿ3ರಲ್ಲಿ, ಕಾಲಾಳುಗಳು ಜಿ2 ಮತ್ತು ಎಚ್4ರಲ್ಲಿ. ಕಪ್ಪಿನ ರಾಜ ಇ6ರಲ್ಲಿ, ಒಂಟೆ ಎಫ್5ರಲ್ಲಿ, ಕಾಲಾಳುಗಳು ಎ4, ಡಿ5, ಎಫ್6 ಮತ್ತು ಜಿ6ರಲ್ಲಿ. ಕಪ್ಪಿಗೆ ಎರಡು ಕಾಲಾಳು ಹೆಚ್ಚು. ಆದರೆ ಒಂಟೆಗಳು ಬೇರೆ ಬೇರೆ ಬಣ್ಣದ ಮನೆಗಳಲ್ಲಿ ಓಡಾಡುವುದರಿಂದ ಇಂತಹ ಕೊನೆಯಾಟ ಸಾಮಾನ್ಯವಾಗಿ ಸಮಬಲದತ್ತ ವಾಲುತ್ತದೆ. ಕಪ್ಪು ರಾಜನಿಗೆ ಇ4 ಮನೆ ಬೇಕು. ಇ5 ಮತ್ತು ಡಿ4ರ ಮೇಲೆ ಬಿಳಿಯ ಒಂಟೆಯ ಕಣ್ಣಿದೆ, ಎಫ್5ರಲ್ಲಿ ಅವನದೇ ಒಂಟೆ ದಾರಿಗಡ್ಡ ನಿಂತಿದೆ. ಒಂಟೆ ಸುಮ್ಮನೆ ಪಕ್ಕಕ್ಕೆ ಸರಿದರೆ ಬಿಳಿಯ ರಾಜ ಎಫ್2ರ ಮೂಲಕ ಇ3ಕ್ಕೆ ಬಂದು ಬಾಗಿಲು ಹಾಕುತ್ತಾನೆ. ಕಪ್ಪು ಕಾಯಿಗಳ ಶಿರೋವ್ ತಮ್ಮ 47ನೇ ನಡೆಯಲ್ಲಿ ಒಂಟೆಯನ್ನು ಎಚ್3ಕ್ಕೆ, ಬಿಳಿಯ ಕಾಲಾಳಿನ ಬಾಯಿಗೇ ಇಟ್ಟರು. ಬಿಳಿ ಅದನ್ನು ಹೊಡೆಯುವಷ್ಟರಲ್ಲಿ ಕಪ್ಪು ರಾಜ ಎಫ್5, ಇ4 ಎಂದು ಎದುರಾಳಿ ರಾಜನಿಗಿಂತ ಮೊದಲೇ ತಲುಪಿದ; ಎ ಮತ್ತು ಡಿ ಸಾಲಿನ ಎರಡು ಕಾಲಾಳುಗಳನ್ನು ಒಂಟಿ ಒಂಟೆಯೊಂದು ತಡೆಯಲಾಗಲಿಲ್ಲ; 53ನೇ ನಡೆಯ ಹೊತ್ತಿಗೆ ಟೊಪಲೋವ್ ಸೋಲೊಪ್ಪಿದರು.

ಈಗ ಯಂತ್ರದ ಕಡೆಗೆ ಬರೋಣ. ನೀವು ವರ್ಷವರ್ಷವೂ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸ, ಮಾಡುವವರು. ಎಲ್ಲ ಕಡ್ಡಿಗಳನ್ನೂ ಬಿಟ್ಟರೆ ಬಳ್ಳಿಯ ಶಕ್ತಿ ಹಂಚಿಹೋಗಿ ಹಣ್ಣು ನಿಲ್ಲುವುದಿಲ್ಲವೆಂದು ನಿಮಗೆ ಗೊತ್ತು. ಎಂಜಿನ್ ಮಾಡುವುದೂ ಅದನ್ನೇ. ಪ್ರತಿ ಸ್ಥಿತಿಯಲ್ಲಿ ಮೂವತ್ತು ನಲವತ್ತು ನಡೆಗಳಿರುವಾಗ ಎಲ್ಲವನ್ನೂ ಸಮನಾದ ಆಳಕ್ಕೆ ನೋಡುವುದು ಆಗದ ಮಾತು. ಆದ್ದರಿಂದ ಅದು ನಡೆಗಳನ್ನು ಭರವಸೆಯ ಕ್ರಮದಲ್ಲಿ ಜೋಡಿಸಿ, ಮೊದಲಿನ ಕೆಲವನ್ನು ಪೂರ್ಣ ಆಳಕ್ಕೂ, ಕೊನೆಯವನ್ನು ಕಡಿಮೆ ಆಳಕ್ಕೂ ನೋಡುತ್ತದೆ. ಏನನ್ನೂ ಹೊಡೆಯದೆ, ಚೆಕ್ ಕೂಡ ಕೊಡದೆ, ಒಂದು ಕಾಯಿಯನ್ನು ಸುಮ್ಮನೆ ಕಳೆದುಕೊಳ್ಳುವ ನಡೆ ಈ ಸಾಲಿನ ತೀರ ಕೊನೆಗೆ ಬೀಳುತ್ತದೆ. ಅದರ ಫಲ ಸಿಗುವುದೋ ಹತ್ತಾರು ನಡೆಗಳಾಚೆ, ಕಾಲಾಳು ಮಂತ್ರಿಯಾಗುವ ಹೊತ್ತಿಗೆ. ಕಾಯಿ ಬರುವ ಕಣ್ಣು ಯಾವುದೆಂದು ತಿಳಿಯದೆ ಕತ್ತರಿ ಆಡಿಸಿದಂತೆ, ಗೆಲುವಿನ ಕಡ್ಡಿಯೇ ಮೊದಲು ಸವರಿಹೋಗುತ್ತದೆ. ಇಂದಿನ ಎಂಜಿನ್‌ಗಳು ಹೀಗೆ ಮೊಟಕುಗೊಳಿಸಿದ ನಡೆ ನಿರೀಕ್ಷೆಗಿಂತ ಚೆನ್ನಾಗಿ ಕಂಡರೆ ಮರಳಿ ಪೂರ್ಣ ಆಳಕ್ಕೆ ನೋಡುತ್ತವೆ. ಜೊತೆಗೆ ಅವುಗಳ ವೇಗವೂ ಬಹಳ ಹೆಚ್ಚಿದೆ. ಸ್ಟಾಕ್‌ಫಿಶ್ 2020ರ 12ನೇ ಆವೃತ್ತಿಯಿಂದ ಸ್ಥಿತಿಗಳ ಬೆಲೆ ಕಟ್ಟಲು ನ್ಯೂರಲ್ ನೆಟ್‌ವರ್ಕನ್ನು, ಅಂದರೆ ಉದಾಹರಣೆಗಳಿಂದ ಕಲಿತ ಲೆಕ್ಕಾಚಾರದ ಜಾಲವನ್ನು, ಬಳಸುತ್ತಿದೆ.

ಮೊಮ್ಮಗನ ಕೈಯಿಂದ ಒಂದು ಪ್ರಯೋಗ ಮಾಡಿಸಿ. ಎಚ್3ರ ನಡೆಯನ್ನು ನೀವೇ ಹಲಗೆಯ ಮೇಲೆ ಆಡಿ, ಐದು ನಿಮಿಷ ಎಂಜಿನ್ನನ್ನು ಯೋಚಿಸಲು ಬಿಟ್ಟು, ಅನಂತರ ಒಂದು ನಡೆ ಹಿಂದಕ್ಕೆ ಬನ್ನಿ. ಈಗ ಅದೇ ಕಾರ್ಯಕ್ರಮ ಆ ನಡೆಯನ್ನು ಬೇಗ ಹೇಳಿದರೆ, ಅದಕ್ಕೆ ಗೆಲುವನ್ನು ಲೆಕ್ಕ ಹಾಕುವ ಶಕ್ತಿ ಇದೆ, ಆ ದಾರಿಯತ್ತ ತಿರುಗಿ ನೋಡುವ ಬುದ್ಧಿ ಮಾತ್ರ ಇರಲಿಲ್ಲ ಎಂದು ತಿಳಿಯಬಹುದು. ಆ ಉತ್ತರವನ್ನು ಪರೀಕ್ಷೆಯ ಅಂಕವೆಂದು ಎಣಿಸಬಾರದು, ಏಕೆಂದರೆ ಹ್ಯಾಶ್ ಟೇಬಲ್ಲಿನ ನೆನಪು ಅದಕ್ಕೆ ಉತ್ತರವನ್ನು ಪಿಸುಗುಟ್ಟಿರುತ್ತದೆ.

ಪ್ರಶ್ನೆ: ಕಠಿಣ ಒಗಟುಗಳಿಗೆ ಸ್ಟಾಕ್‌ಫಿಶ್ ಒಳ್ಳೆಯದೋ, ಲೀಲಾ ಚೆಸ್ ಝೀರೋ ಒಳ್ಳೆಯದೋ? (ಮುಧೋಳದ ಓದುಗರು)

ಉತ್ತರ: ಅಪರೂಪದ ನಡೆಯೇ ಉತ್ತರವಾಗಿರುವ ಒಗಟುಗಳಲ್ಲಿ ನಾನು ಸ್ಟಾಕ್‌ಫಿಶ್ ಕಡೆಗೇ ವಾಲುತ್ತೇನೆ. ಲೀಲಾ ಒಂದೊಂದು ನಡೆಗೂ ಅದು ಆಡತಕ್ಕದ್ದೆಂಬ ಸಂಭವನೀಯತೆಯನ್ನು ಮೊದಲೇ ಅಂದಾಜಿಸಿ, ಹೆಚ್ಚು ಸಂಭವನೀಯತೆಯ ದಾರಿಗಳಲ್ಲೇ ಹೆಚ್ಚು ಸಲ ಓಡಾಡುತ್ತದೆ. ಸೆಕೆಂಡಿಗೆ ಅದು ನೋಡುವ ಸ್ಥಿತಿಗಳೂ ಬಹಳ ಕಡಿಮೆ. ಕಾಲಾಳು ಕೊನೆಯ ಸಾಲು ಮುಟ್ಟಿದಾಗ ಮಂತ್ರಿಯಾಗದೆ ಕುದುರೆಯಾಗುವಂತಹ ನಡೆಗೆ ಆರಂಭದ ಅಂದಾಜು ಬಹಳ ಸಣ್ಣದಾಗಿದ್ದರೆ ಆ ದಾರಿಗೆ ಸರದಿಯೇ ಬಾರದೆ ಹೋಗಬಹುದು. 1987ರಲ್ಲಿ ಬ್ರಸೆಲ್ಸ್‌ನಲ್ಲಿ ಇಂಗ್ಲೆಂಡಿನ ಪ್ಲ್ಯಾಸ್ಕೆಟ್ ಅಲ್ಲಿದ್ದ ಗ್ರ್ಯಾಂಡ್‌ಮಾಸ್ಟರುಗಳ ಮುಂದಿಟ್ಟ, ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಬಿಡಿಸಿದ ಒಗಟಿನಲ್ಲಿ ಇಂತಹದೇ ಕುದುರೆಯ ಬಡ್ತಿ ಇದೆ. ಅದನ್ನು ಕಟ್ಟಿದವರು ನೆದರ್ಲೆಂಡ್ಸಿನ ವಾನ್ ಬ್ರೂಕೆಲನ್. ಆ ಒಂದೇ ಒಗಟನ್ನಿಟ್ಟುಕೊಂಡು ಎರಡೂ ಎಂಜಿನ್‌ಗಳನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟಾಕ್‌ಫಿಶ್ ಮೇಲುಗೈ ಪಡೆಯಿತು. ಒಂದು ಒಗಟಿನ ಫಲಿತಾಂಶವನ್ನು ಎಲ್ಲ ಆಟಕ್ಕೂ ಹಿಗ್ಗಿಸಬೇಡಿರೆಂದು ಮಾತ್ರ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾನೇ ಬರೆದ ಚೆಸ್ ಎಂಜಿನ್ ರೈನ್‌ಫೆಲ್ಡರ 300 ಸ್ಥಿತಿಗಳಲ್ಲಿ 251 ಬಿಡಿಸುತ್ತಿತ್ತು. ನಲ್ ಮೂವ್ ಸೇರಿಸಿದ ಮೇಲೆ 268 ಆಯಿತು. ಆದರೆ ಹಳೆಯ ಆವೃತ್ತಿಯ ವಿರುದ್ಧ 100 ಪಂದ್ಯಗಳಲ್ಲಿ ಹೊಸದು 44–56ರಿಂದ ಸೋತಿತು. ಮಧ್ಯಾಹ್ನ ಓಡಿಸಿದಾಗ ಬರುವ ಸಂಖ್ಯೆ ರಾತ್ರಿ ಬರುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಮಧ್ಯಾಹ್ನದ ಸಂಖ್ಯೆಯ ರಹಸ್ಯ ಬಹುಶಃ ನಿಮ್ಮೂರಿನ ಬಿಸಿಲಿನಲ್ಲಿಯೇ ಇದೆ. ಪ್ರೊಸೆಸರ್ ಕಾದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದಾಗಲೂ ವೇಗ ತಗ್ಗುವುದುಂಟು. ಸೆಕೆಂಡುಗಳ ಬದಲು ಎಣಿಸಿದ ಸ್ಥಿತಿಗಳಿಗೆ ಮಿತಿ ಹಾಕಿ. ಎಂಜಿನ್ನಿಗೆ ಆಜ್ಞೆ ಕೊಡುವ ಯುಸಿಐ ಪದ್ಧತಿಯಲ್ಲಿ 'ಗೋ ನೋಡ್ಸ್' ಎಂಬ ಆಜ್ಞೆ ಇರುವುದು ಅದಕ್ಕೇ. ಆಗ ಏಪ್ರಿಲ್ ಆದರೂ ಡಿಸೆಂಬರ್ ಆದರೂ ಒಂದೇ ಉತ್ತರ ಬರುತ್ತದೆ.

44–56 ಎಂದರೆ ಆಟದ ಬಲ ಅಳೆಯುವ ಎಲೊ ಪದ್ಧತಿಯಲ್ಲಿ ಸುಮಾರು 40 ಅಂಕಗಳ ಹಿನ್ನಡೆ. 100 ಪಂದ್ಯಗಳ ಫಲಿತಾಂಶದಲ್ಲಿ ಎರಡೂ ಬದಿಗೆ 50ರಿಂದ 70 ಅಂಕಗಳ ಅನಿಶ್ಚಿತತೆ ಇರುತ್ತದೆ. ಆದ್ದರಿಂದ ಸೋಲನ್ನು ಇನ್ನೂ ನಂಬಬೇಡಿ, ಗೆಲುವನ್ನೂ ನಂಬಬೇಡಿ, ಕನಿಷ್ಠ 1000 ಪಂದ್ಯ ಆಡಿಸಿ. ಆದರೂ ಅನುಮಾನಿಸಲು ಕಾರಣವಿದೆ. ಎದುರಾಳಿಗೆ ಒಂದು ನಡೆಯನ್ನು ಪುಕ್ಕಟೆ ಕೊಟ್ಟರೂ ನನ್ನ ಸ್ಥಿತಿ ಚೆನ್ನಾಗಿಯೇ ಉಳಿದರೆ ಮುಂದೆ ನೋಡುವುದು ಬೇಡ ಎಂಬುದು ನಲ್ ಮೂವ್‌ನ ತರ್ಕ. ಇದರಿಂದ ಉಳಿದ ಸಮಯ ಆಳಕ್ಕೆ ಹೋಗುವುದಕ್ಕೆ ಸಿಗುತ್ತದೆ, ರೈನ್‌ಫೆಲ್ಡರ ಸ್ಥಿತಿಗಳಲ್ಲಿ ಅಂಕ ಏರುತ್ತದೆ. ಆದರೆ ನಡೆ ಇಡಬೇಕಾಗಿರುವುದೇ ಶಾಪವಾಗುವ ಸ್ಥಿತಿಗಳಲ್ಲಿ, ಅಂದರೆ ಝುಗ್‌ಜ್ವಾಂಗ್‌ನಲ್ಲಿ, ಆ ತರ್ಕ ತಲೆಕೆಳಗಾಗುತ್ತದೆ. ರಾಜ ಮತ್ತು ಕಾಲಾಳು ಮಾತ್ರ ಉಳಿದಾಗ, ರಾಜ ಚೆಕ್‌ನಲ್ಲಿದ್ದಾಗ ಅದನ್ನು ಬಳಸಬಾರದೆಂಬ ನಿರ್ಬಂಧ ನಿಮ್ಮ ಪ್ರೋಗ್ರಾಮಿನಲ್ಲಿದೆಯೇ ನೋಡಿ.

ಜೊತೆಗೆ ರೂಬೆನ್ ಫೈನ್ 1941ರ ತಮ್ಮ ಕೊನೆಯಾಟದ ಪುಸ್ತಕದಲ್ಲಿ 70ನೇ ಸಂಖ್ಯೆ ಕೊಟ್ಟ ಸ್ಥಿತಿಯನ್ನು ಕೊಟ್ಟು ನೋಡಿ: ಬಿಳಿಯ ರಾಜ ಎ1, ಕಾಲಾಳುಗಳು ಎ4, ಡಿ4, ಡಿ5, ಎಫ್4, ಕಪ್ಪು ರಾಜ ಎ7, ಕಾಲಾಳುಗಳು ಎ5, ಡಿ6, ಎಫ್5, ನಡೆ ಬಿಳಿಯದು. ಕಾಲಾಳುಗಳೆಲ್ಲ ಒಂದಕ್ಕೊಂದು ಅಡ್ಡ ನಿಂತಿರುವುದರಿಂದ ಮೊದಲ ಕಾಲಾಳು ಬೀಳುವವರೆಗೆ ಇಬ್ಬರು ರಾಜರು ಮಾತ್ರ ನಡೆಯಬಲ್ಲರು; ಅವರಿಬ್ಬರು ನಿಲ್ಲಬಹುದಾದ ಮನೆಗಳ ಜೋಡಿಗಳು ಕೆಲವೇ ಸಾವಿರ, ಆದರೆ ಅವುಗಳ ನಡುವಿನ ದಾರಿಗಳಿಗೆ ಲೆಕ್ಕವಿಲ್ಲ. ಹ್ಯಾಶ್ ಟೇಬಲ್ ಸರಿಯಾಗಿ ಕೆಲಸ ಮಾಡುವ ಎಂಜಿನ್ ಇಲ್ಲಿ ಕ್ಷಣಾರ್ಧದಲ್ಲಿ ಬಹಳ ಆಳಕ್ಕೆ ಇಳಿದು, ರಾಜನನ್ನು ಬಿ1ಕ್ಕೆ ನಡೆಸುವುದೇ ಗೆಲುವೆಂದು ಹೇಳುತ್ತದೆ. ನಿಮ್ಮದು ಹೇಳದಿದ್ದರೆ ದೋಷ ಬಹುಶಃ ಹ್ಯಾಶ್ ಟೇಬಲ್ಲಿನಲ್ಲಿದೆ. ಅದನ್ನು ಸರಿಪಡಿಸಿದ ಮೇಲೆಯೇ ಆ 300 ಸ್ಥಿತಿಗಳನ್ನು ಮತ್ತೆ ಓಡಿಸಿ.